ಹಾಲನ್ ಭಾವನ ಅಂಗೈ

ಕೇತಿಗೂ ಲವ್‌ಡೇಲಿಗೂ ನಡುವೆ, ನಮ್ಮ ಗಾಳಿಹಟ್ಟಿಯ ಕೆಳಗಿನ ಹಳ್ಳಕ್ಕೆ ಅಡ್ಡವಾಗಿ ಒಂದು ರೈಲು ಸೇತುವೆ ಇದೆ. ಅದರ ಮಗ್ಗುಲಲ್ಲಿ ಒಂದು ಹಲಗೆ ನೆಟ್ಟಿದ್ದಾರೆ. ಸೇತುವೆಯ ಫೋಟೋ ತೆಗೆಯಬಾರದು, ಚಿತ್ರ ಬರೆಯಬಾರದು, ಅಳತೆ ಮಾಡಬಾರದು ಎಂದು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರೆದಿದೆ. ಜರ್ಮನಿಯವರ ಮೇಲಿನ ಯುದ್ಧದ ಕಾಲದಲ್ಲಿ ನೆಟ್ಟ ಹಲಗೆ. ಯುದ್ಧ ಮುಗಿದು ಎಷ್ಟೋ ಕಾಲವಾಯಿತು, ಜರ್ಮನಿಯವರೇ ಮರೆತಿರಬೇಕು, ಹಲಗೆಗೆ ಮಾತ್ರ ಹೋದ ವರ್ಷ ಹೊಸದಾಗಿ ಬಣ್ಣ ಬಳಿದು ಹೋದರು. ಊಟಿಯ ಅಂಗಡಿಗಳಲ್ಲಿ ಇದೇ ಸೇತುವೆಯ ಬಣ್ಣದ ಕಾರ್ಡು ಮಾರುತ್ತಾರೆ, ಮೇಲೆ ಹೊಗೆ ಬಿಡುವ ರೈಲೂ ಇದೆ. ನನ್ನ ಸೊಸೆ ಒಂದನ್ನು ತಂದು ಗೋಡೆಗೆ ಅಂಟಿಸಿದ್ದಾಳೆ. ಚೆನ್ನಾಗಿದೆ. ಆ ಫೋಟೋ ತೆಗೆದವನಿಗೆ ಯಾರೂ ಏನೂ ಮಾಡಲಿಲ್ಲ.

ಮಾಡಿದ್ದು ನನ್ನ ಗಂಡನ ಅಣ್ಣ ಹಾಲನಿಗೆ. ಅವರು ಹುಟ್ಟಿದಾರಭ್ಯ ಕ್ಯಾಮರಾ ಮುಟ್ಟಿದವರಲ್ಲ.

ನಾನು ಲಿಂಗಿ. ಕೇತಿಯ ಮಿಷನ್ ಶಾಲೆಯಲ್ಲಿ ಒಂದಿಷ್ಟು ಕನ್ನಡ ಕಲಿತು, ಕಲಿತದ್ದು ಹೆಚ್ಚಾಯಿತು ಎಂದು ಅಪ್ಪನಿಗೆ ಅನ್ನಿಸಿದಾಗ ಮದುವೆಯಾಗಿ ಗಾಳಿಹಟ್ಟಿಗೆ ಬಂದವಳು. ಆಗ ಭಾವ ಗಟ್ಟಿಮುಟ್ಟಾದ ಆಳು. ಆಲೂಗಡ್ಡೆ ಬೆಳೆಯುತ್ತಿದ್ದರು, ಎಮ್ಮೆ ಸಾಕಿದ್ದರು, ಮಾತು ಕಡಿಮೆ. ಹಟ ಮಾತ್ರ ಊರಿಗೆಲ್ಲಾ ಹಂಚಿದರೂ ಮಿಗುವಷ್ಟಿತ್ತು. ಒಮ್ಮೆ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದರು. ಅವರ ಹೆಂಡತಿ ಅಕ್ಕಮ್ಮಕ್ಕ, "ಜಾಸ್ತಿ ಇಲ್ಲೆ, ನಿಮ್ಮ ನಾಲಗೆಗೆ ಏನೋ ಆಗಿದೆ" ಎಂದಳು. ಭಾವ ಆ ವಾರವೆಲ್ಲಾ ಉಪ್ಪಿಲ್ಲದೆ ಉಂಡರು. ಅಕ್ಕಮ್ಮಕ್ಕನೂ ಉಪ್ಪಿಲ್ಲದೆ ಬೇಯಿಸಿ ಹಾಕಿದಳು. ನಡುವೆ ಉಪ್ಪಿಲ್ಲದೆ ಸತ್ತವರು ನಾನೂ ನನ್ನ ಗಂಡನೂ.

ಗಾಳಿಹಟ್ಟಿಯವರು ಲಿಂಗ ಕಟ್ಟಿದವರು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಮಠದ ಅಯ್ಯನವರು ಕಟ್ಟಿದ ಲಿಂಗ ಸಾಯುವತನಕ ಮೈಮೇಲೆ ಇರಬೇಕು. ಗಂಡಸರಿಗೂ ಸರಿ, ಹೆಂಗಸರಿಗೂ ಸರಿ. ನೇರಳೆ ಹಣ್ಣಿನಷ್ಟು ದಪ್ಪ, ಮೇಲೆ ಕರಿಯ ಲೇಪ, ಅದನ್ನು ಕಾಂತಿ ಎನ್ನುತ್ತೇವೆ. ಇಡಲಿಕ್ಕೆ ಬೆಳ್ಳಿಯ ಕರಡಿಗೆ. ಬೆಳಿಗ್ಗೆ ಮಿಂದು, ಎಡ ಅಂಗೈ ಮೇಲೆ ಲಿಂಗವನ್ನಿಟ್ಟು, ಎದೆಯ ಮಟ್ಟಕ್ಕೆ ಹಿಡಿದು ರೆಪ್ಪೆ ಅಲ್ಲಾಡಿಸದೆ ನೋಡುತ್ತಾ ಕೂರಬೇಕು. ಆ ಪೂಜೆ ಆಗದೆ ತೊಟ್ಟು ನೀರೂ ಬಾಯಿಗೆ ಬೀಳಬಾರದು. ಲಿಂಗ ಇಲ್ಲದವರ ಕಣ್ಣಿಗೆ ಅದನ್ನು ತೋರಿಸುವ ಹಾಗಿಲ್ಲ. ಸತ್ತ ಮೇಲೆ ನಮ್ಮವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ, ಎಡಗೈಯಲ್ಲಿ ಅದೇ ಲಿಂಗ ಇರುತ್ತದೆ. ಬಂದದ್ದೂ ಅದರ ಜೊತೆ, ಹೋಗುವುದೂ ಅದರ ಜೊತೆ.

ಹೆಚ್ಚಿನವರು ಪೂಜೆಯನ್ನು ಮನೆಯಲ್ಲೇ ಮಾಡುತ್ತಾರೆ. ಭಾವ ಮಾತ್ರ ಹಳ್ಳದ ಒರತೆಯ ಬಳಿ ಮಾಡುತ್ತಿದ್ದರು, ಅವರಪ್ಪನೂ ಅಲ್ಲೇ ಮಾಡುತ್ತಿದ್ದರಂತೆ. ಊಟಿಗೆ ರೈಲು ಹಾಕುವವರು ಬಂದು ಒರತೆಯ ಆಚೆಗೊಂದು ಈಚೆಗೊಂದು ಕಂಬ ಎಬ್ಬಿಸಿ, ಮೇಲೆ ಕಬ್ಬಿಣ ಹಾಸಿದರು. ಒರತೆ ಸೇತುವೆಯ ಹೊಟ್ಟೆಯ ಕೆಳಗೆ ಉಳಿಯಿತು. ಬಂಡಿ ಹೋದಾಗ ಮೇಲಿನಿಂದ ಎಣ್ಣೆ ಹನಿಯುತ್ತಿತ್ತು, ಒಮ್ಮೊಮ್ಮೆ ಕೆಂಡದ ಚೂರು. "ಜಾಗ ಬದಲಿಸಬಾರದಾ?" ಎಂದು ನನ್ನ ಗಂಡ ಕೇಳಿದರೆ, "ನಾ ಮೊದಲು ಬಂದವ" ಎಂದರು. ರೈಲಿಗೆ ಅದು ಗೊತ್ತಿರಲಿಲ್ಲ.

ಯುದ್ಧ ಶುರುವಾಯಿತು. ನನಗೆ ಅಕ್ಷರ ಕಲಿಸಿದ ಪಾದ್ರಿ ಜರ್ಮನಿಯವರು. ಅವರನ್ನು ಗಾಡಿ ಹತ್ತಿಸಿ ಎಲ್ಲಿಗೋ ಕರೆದುಕೊಂಡು ಹೋದರು. ನನಗೆ ತುಂಬಾ ಕೆಟ್ಟದ್ದೆನಿಸಿತು. ಕಾಗುಣಿತ ತಪ್ಪಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರೇ ಹೊರತು ಬೇರೆ ಯುದ್ಧವನ್ನು ಅವರು ಮಾಡಿದ್ದು ನಾನು ನೋಡಿರಲಿಲ್ಲ. ಅದಾಗಿ ಸ್ವಲ್ಪ ಕಾಲಕ್ಕೆ ಸೇತುವೆಗೆ ಹಲಗೆ ಬಂತು. ಹಲಗೆಯನ್ನು ಕಾಯಲು ಒಬ್ಬ ಪೊಲೀಸೂ ಬಂದ, ಜಯರಾಮನ್ ಎಂದು ಹೆಸರು. ಕೊಯಮತ್ತೂರು ಕಡೆಯವನು, ತಮಿಳು ಬೆರೆಸಿ ನಮ್ಮ ಮಾತಾಡುತ್ತಿದ್ದ. ಚಳಿ ಕಂಡವನಲ್ಲ. ಮೂಗು ಸದಾ ಸೋರುತ್ತಿತ್ತು.

ಮೊದಲ ದಿನವೇ ಅವನು ಭಾವನನ್ನು ತಡೆದ.

"ಅಣ್ಣೇ, ಇಲ್ಲಿಗೆ ಕ್ಯಾಮರಾ ಗೀಮರಾ ತರಕೂಡದು. ಆರ್ಡರ್ ಆಗಿದೆ."

"ಅದೆಂದರೆ ಏನು?"

"ನನಗೂ ಸರಿಯಾಗಿ ಗೊತ್ತಿಲ್ಲ ಅಣ್ಣೇ. ಪೆಟ್ಟಿಗೆ ಮಾದರಿ ಇರುತ್ತದಂತೆ."

"ಪೆಟ್ಟಿಗೆ ತರುವುದಿಲ್ಲೆ," ಎಂದು ಭಾವ ಒರತೆಗೆ ಇಳಿದರು. ಅಲ್ಲಿಗೆ ಇಬ್ಬರಿಗೂ ಸಮಾಧಾನವಾಯಿತು. ಭಾವ ಪೂಜೆಗೆ ಕೂತರೆ ಜಯರಾಮನ್ ಆ ಕಡೆ ತಿರುಗಿ ಬೀಡಿ ಸೇದುತ್ತಿದ್ದ. ಚಳಿ ಹೆಚ್ಚಾದ ದಿನ ಅಕ್ಕಮ್ಮಕ್ಕ ಅವನಿಗೆ ಬಿಸಿ ಗಂಜಿ ಕಳಿಸುತ್ತಿದ್ದಳು. ಹೀಗೆ ಸೇತುವೆ ಬಹಳ ಭದ್ರವಾಗಿತ್ತು.

ಕೆಡಿಸಿದವನು ಎದುರುಗುಡ್ಡದ ಎಸ್ಟೇಟಿನ ದೊರೆ. ವಯಸ್ಸಾಗಿತ್ತು, ಯುದ್ಧಕ್ಕೆ ಕರೆದುಕೊಳ್ಳಲಿಲ್ಲ ಎಂಬ ಸಂಕಟ ಬೇರೆ. ಸರ್ಕಾರಕ್ಕೆ ಕೈಲಾದ ಸೇವೆ ಎಂದು ಬಂಗಲೆಯ ಜಗಲಿಯಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನಿಗೆ ಏನಾದರೂ ಕಾಣಿಸಲೇಬೇಕಲ್ಲ. ಅವನಿಗೆ ಭಾವ ಕಾಣಿಸಿದರು. ಎತ್ತರದ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಸೇತುವೆಯ ಕೆಳಗೆ ಬರುತ್ತಾನೆ, ಕತ್ತಿನಿಂದ ಏನನ್ನೋ ಬಿಚ್ಚುತ್ತಾನೆ, ಕರಿಯದೊಂದನ್ನು ಎಡ ಅಂಗೈ ಮೇಲಿಟ್ಟು ಎದೆಗೆ ಸರಿಯಾಗಿ ಹಿಡಿದು ಅಲ್ಲಾಡದೆ ಕೂರುತ್ತಾನೆ, ಆಮೇಲೆ ಬೆಳ್ಳಿಯ ಡಬ್ಬಿಯಲ್ಲಿ ಅದನ್ನು ಮುಚ್ಚಿಕೊಂಡು ಹೋಗುತ್ತಾನೆ. ಗಡಿಯಾರದಷ್ಟು ಸಣ್ಣ ಕ್ಯಾಮರಾಗಳು ಬಂದಿವೆ ಎಂದು ಆ ದೊರೆ ಯಾವುದೋ ಪತ್ರಿಕೆಯಲ್ಲಿ ಓದಿದ್ದನಂತೆ. ಓದಿದ್ದನ್ನು ಕಣ್ಣಾರೆ ಕಂಡ ಸಂತೋಷಕ್ಕೆ ಕುದುರೆ ಹತ್ತಿ ಊಟಿಗೆ ಹೋಗಿ ಹೇಳಿದ.

ಮರುದಿನ ಅವನೂ ಇನ್ಸ್‌ಪೆಕ್ಟರೂ ಪೊಲೀಸರೂ ಬಂದು ಪೊದೆಯ ಹಿಂದೆ ಅಡಗಿ ಕೂತರು. ಇನ್ಸ್‌ಪೆಕ್ಟರು ಬಯಲುಸೀಮೆಯವರು, ಬೆಟ್ಟಕ್ಕೆ ಹೊಸಬರು. ಭಾವ ಕಣ್ಣು ಮಿಟುಕಿಸದೆ ಕೂತಿದ್ದನ್ನು ನೋಡಿ, "ಪಳಗಿದ ಕೈ. ಫೋಟೋ ತೆಗೆಯುವಾಗ ಅಲ್ಲಾಡಬಾರದು" ಎಂದರಂತೆ. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ನುಗ್ಗಿದರು.

ಭಾವ ಮುಷ್ಟಿ ಬಿಗಿದರು. ಹೆರರ, ಲಿಂಗ ಇಲ್ಲದವರ, ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ. ಕೈ ತೆರೆ ಎಂದರು. ತೆರೆಯಲಿಲ್ಲ. ತಪ್ಪಿಲ್ಲದಿದ್ದರೆ ಯಾಕೆ ಮುಚ್ಚುತ್ತಾನೆ ಎಂದು ದೊರೆ ಕೇಳಿದ. ಜಯರಾಮನ್ ಮೂಗೊರೆಸಿಕೊಂಡು, "ಸಾರ್, ಅದು ಇವರ ಸಾಮಿ, ಕ್ಯಾಮರಾ ಅಲ್ಲ" ಎಂದ. "ಇಷ್ಟು ದಿನ ನೋಡಿಯೂ ಸುಮ್ಮನಿದ್ದೆಯಾ?" ಎಂದು ಇನ್ಸ್‌ಪೆಕ್ಟರು ಕೇಳಿದ ಮೇಲೆ ಅವನು ಬಾಯಿಗೆ ಬೀಗ ಹಾಕಿಕೊಂಡ. ಮುಷ್ಟಿ ಬಿಗಿದಂತೆಯೇ ಭಾವನನ್ನು ಊಟಿಯ ಠಾಣೆಗೆ ಎಳೆದುಕೊಂಡು ಹೋದರು. ಪೂಜೆ ಅರ್ಧಕ್ಕೆ ನಿಂತಿತ್ತು. ಬಾಯಿಗೆ ನೀರು ಬಿದ್ದಿರಲಿಲ್ಲ.

ಠಾಣೆಯಲ್ಲಿ ನಡೆದದ್ದನ್ನು ಜಯರಾಮನ್ನೇ ನಮಗೆ ಹೇಳಿದ್ದು. ಭಾವನ ಮಾತನ್ನು ತಮಿಳಿಗೆ ತಿರುಗಿಸಲು ಅವನನ್ನೇ ನಿಲ್ಲಿಸಿಕೊಂಡಿದ್ದರು.

ಜರ್ಮನ್ ಪಾದ್ರಿ ಗೊತ್ತೇ ಎಂದು ಕೇಳಿದರು. ಗೊತ್ತು ಎಂದರು ಭಾವ. ಅವರಿಗೇನು ಕೊಟ್ಟೆ?

"ಆಲೂಗಡ್ಡೆ."

"ಯಾಕೆ ಕೊಟ್ಟೆ?"

"ಕೇಳಿದರು."

ಅದನ್ನು ಬರೆದುಕೊಂಡರು. ಕೈಯಲ್ಲಿರುವುದನ್ನು ಯಾರು ಕೊಟ್ಟದ್ದು ಎಂದರು. ಗುರು ಕೊಟ್ಟದ್ದು. ಗುರು ಎಲ್ಲಿರುತ್ತಾನೆ? ಮೈಸೂರು ಸೀಮೆಯಲ್ಲಿ. ಓಹೋ, ಬೇರೆ ರಾಜ್ಯ, ಎಂದು ದೊರೆ ಇನ್ಸ್‌ಪೆಕ್ಟರ ಮುಖ ನೋಡಿದ. ಎಷ್ಟು ಕಾಲದಿಂದ ಇಟ್ಟುಕೊಂಡಿದ್ದೀ? ಹುಟ್ಟಿದಾಗಿನಿಂದ. ಇದು ಉಡಾಫೆಯ ಉತ್ತರ ಎಂದು ಬರೆದುಕೊಂಡರು.

"ದಿನಾ ಅದರೊಳಗೆ ಏನು ನೋಡುತ್ತೀ?"

ಈಗ ನೋಡಿ, ಬೇರೆ ಯಾರಾದರೂ ಆಗಿದ್ದರೆ ಏನೂ ಇಲ್ಲ ಸ್ವಾಮಿ, ಬರೀ ಕಲ್ಲು, ಎಂದು ಕಾಲಿಗೆ ಬಿದ್ದು ಬರುತ್ತಿದ್ದರು. ಲಿಂಗವನ್ನು ಬರೀ ಕಲ್ಲು ಎಂದು ಹೇಳಲು ಭಾವನಿಗೆ ನಾಲಗೆ ಹೊರಳಬೇಡವೇ?

"ಎಲ್ಲಾ ನೋಡ್ತೆ," ಎಂದರು.

"ಎಲ್ಲಾ ಎಂದರೆ?"

"ಲೋಕವೆಲ್ಲಾ ಅದರೊಳಗೇ ಇದೆ."

"ಸೇತುವೆಯೂ ಇದೆಯೋ?"

ಭಾವ ಸ್ವಲ್ಪ ಯೋಚನೆ ಮಾಡಿದರಂತೆ. ಅವರು ಯಾವತ್ತೂ ಸುಳ್ಳಾಡಿದವರಲ್ಲ. "ಲೋಕ ಎಂದ ಮೇಲೆ ಸೇತುವೆಯನ್ನು ಮಾತ್ರ ಹೊರಗಿಡಲು ಆಗುತ್ತದಾ? ಅದೂ ಇದೆ."

ಅಯ್ಯೋ ಶಿವನೇ! ಜಯರಾಮನ್ ಇದನ್ನು ತಿರುಗಿಸದೆ ಸುಮ್ಮನೆ ನಿಂತನಂತೆ. ಆದರೆ ಇನ್ಸ್‌ಪೆಕ್ಟರಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ಆರೋಪಿ ಒಪ್ಪಿಕೊಂಡಿದ್ದಾನೆ ಎಂದು ಬರೆದರು.

ಆಮೇಲೆ ನಾಲ್ಕು ಆಳು ಸೇರಿ ಭಾವನ ಬೆರಳು ಬಿಡಿಸಿದರು. ಒಬ್ಬ ತೋಳು, ಒಬ್ಬ ಮಣಿಕಟ್ಟು, ಉಳಿದಿಬ್ಬರು ಬೆರಳು. ಹೆಬ್ಬೆರಳು ಮುಂದೆಂದೂ ನೆಟ್ಟಗಾಗಲಿಲ್ಲ. ಲಿಂಗವನ್ನು ಮೇಜಿನ ಮೇಲಿಟ್ಟು ಎಲ್ಲರೂ ಬಗ್ಗಿ ನೋಡಿದರು.

ತಿಳಿದವರ ಅಭಿಪ್ರಾಯ ಬೇಕು ಎಂದು ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಚಂದ್ರನ್ ಎಂಬ ಮಲೆಯಾಳಿಯನ್ನು ಕರೆಸಿದರು. ಯುದ್ಧದ ಕಾಲದಲ್ಲಿ ಪೊಲೀಸರು ಹೂಂ ಎಂದರಷ್ಟೇ ಅವನ ಸ್ಟುಡಿಯೋದ ಬಾಗಿಲು ತೆರೆದಿರುತ್ತಿತ್ತು. ಅವನು ಬೆವರುತ್ತಾ, "ಇದರಲ್ಲಿ ಗಾಜು ಕಾಣಿಸುವುದಿಲ್ಲ" ಎಂದ.

"ಕಾಣಿಸುವುದಿಲ್ಲ ಎಂದರೆ ಇಲ್ಲವೆಂದೋ, ಒಳಗೆ ಅಡಗಿದೆಯೆಂದೋ?"

ಚಂದ್ರನ್ ಇನ್ಸ್‌ಪೆಕ್ಟರ ಮುಖ ನೋಡಿದ, ದೊರೆಯ ಮುಖ ನೋಡಿದ. "ಹೇಗೆ ಬೇಕಾದರೂ ಇರಬಹುದು," ಎಂದ.

ಹಾಗಾದರೆ ಕೆರೆದು ನೋಡೋಣ ಎಂದು ಚಾಕು ತರಿಸಿದರು. ಕಾಂತಿ ಕಿತ್ತು ಬಂತು, ಒಳಗೆ ಕಲ್ಲು. ಕಲ್ಲಿನ ಒಳಗೆ ಏನಿದೆಯೋ ಎಂದು ದೊರೆಗೆ ಅನುಮಾನ. ಒಡೆದು ನೋಡಲು ಮದರಾಸಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅದರ ನಡುವೆ ಚಂದ್ರನ್ನಿಂದ ಭಾವನ ಫೋಟೋ ತೆಗೆಸಿದರು, ಎದುರಿನಿಂದೊಂದು, ಪಕ್ಕದಿಂದೊಂದು. ನಮ್ಮ ಮನೆತನದಲ್ಲಿ ಮೊದಲು ಫೋಟೋ ತೆಗೆಸಿಕೊಂಡವರು ಎಂಬ ಹೆಸರು ಭಾವನಿಗೇ ಬಂತು. ಆ ಫೋಟೋವನ್ನು ನಾವು ನೋಡಿಲ್ಲ.

ಲಾಕಪ್ಪಿನಲ್ಲಿ ನೀರು ಕೊಟ್ಟರೆ ಭಾವ ಮುಟ್ಟಲಿಲ್ಲ. ಜಯರಾಮನ್ ಕಂಬಿಯ ಹತ್ತಿರ ಹೋಗಿ, "ಅಣ್ಣೇ, ಒಂದು ಗುಟುಕು ಕುಡಿ, ಯಾರಿಗೂ ಹೇಳುವುದಿಲ್ಲ" ಎಂದನಂತೆ.

"ಸಾಯಲು ಎನಗೆ ಅಂಜಿಕೆ ಇಲ್ಲೆ ಜಯರಾಮಾ," ಎಂದರಂತೆ ಭಾವ. "ಅದನ್ನ ಒಡೆದುಬಿಟ್ಟರೆ ಎನ್ನ ಕೈ ಬರಿದಾಗಿ ಮಣ್ಣಿಗೆ ಹೋಗ್ತದಲ್ಲ. ಅದೊಂದು ಆಗಬಾರದು."

ಲಿಂಗ ಒಡೆದರೆ, ಸೀಳು ಬಿಟ್ಟರೂ ಸಾಕು, ನಮ್ಮ ಕಟ್ಟಳೆಯಲ್ಲಿ ಅದು ಮೈಮೇಲೆ ಇರುವ ಹಾಗಿಲ್ಲ. ಹಿರಿಯರು ಅದನ್ನು ತೆಗೆದು ನೀರಿಗೆ ಬಿಡಿಸುತ್ತಾರೆ, ಅಯ್ಯನವರು ಬೇರೆ ಕಟ್ಟುತ್ತಾರೆ. ಬೇರೆ ಕಟ್ಟಿಸಿಕೊಂಡು ಬದುಕಿದವರಿದ್ದಾರೆ. ಭಾವ ಅಂಥವರಲ್ಲ ಎಂದು ನಮಗೆಲ್ಲಾ ಗೊತ್ತಿತ್ತು.

ಜಯರಾಮನ್ ಇಷ್ಟನ್ನೂ ನಮ್ಮ ಜಗಲಿಯಲ್ಲಿ ನಿಂತು ಹೇಳುವ ಹೊತ್ತಿಗೆ ಭಾವ ಬಾಯಿಗೆ ನೀರು ಹಾಕದೆ ಎರಡನೆಯ ದಿನ ನಡೆದಿತ್ತು. ಅಕ್ಕಮ್ಮಕ್ಕನೂ ಹಾಕಿರಲಿಲ್ಲ. ಊರಿನ ಗೌಡ ಧರ್ಮಲಿಂಗಂ ಬಂದು ಕೂತರು. ಅರ್ಜಿ ಬರೆಸೋಣ, ಎಂದರು. ಅರ್ಜಿ ತೆಗೆದುಕೊಳ್ಳಬೇಕಾದ ದೊಡ್ಡ ದೊರೆ, ಕಲೆಕ್ಟರು, ಮಸಿನಗುಡಿ ಕಾಡಿಗೆ ಹುಲಿ ಹೊಡೆಯಲು ಹೋಗಿದ್ದರು. ಹುಲಿ ಸಿಕ್ಕ ಮೇಲೆ ಬರುತ್ತಾರೆ, ಎಂದರು ಗೌಡರು.

"ಹುಲಿ ಸಿಕ್ಕದಿದ್ದರೆ?" ಎಂದೆ ನಾನು. ಹೆಂಗಸರು ನಡುವೆ ಬಾಯಿ ಹಾಕಬಾರದು ಎಂಬಂತೆ ನೋಡಿದರು. ನಾನೂ ಹಾಗೇ ನೋಡಿದೆ.

ಅಕ್ಕಮ್ಮಕ್ಕ ಅಲ್ಲಿಯತನಕ ಒಲೆಯ ಮುಂದೆ ಸುಮ್ಮನೆ ಕೂತಿದ್ದವಳು ಎದ್ದು ಬಂದಳು. "ಒಬ್ಬರ ಕೈಯಲ್ಲಿದ್ದರೆ ಕ್ಯಾಮರಾ ಅಂತಾರೆ ಗೌಡರೇ. ಊರಿಗೆ ಊರೇ ಹಿಡಿದು ಕೂತರೆ ಏನಂತಾರೆ? ಬೆಳಿಗ್ಗೆ ಎಲ್ಲರೂ ಸೇತುವೆ ಕೆಳಗೆ ಪೂಜೆಗೆ ಕೂರುವಾ. ಆ ದೊರೆ ನೋಡಲಿ."

ಗೌಡರು ಹೌಹಾರಿದರು. "ಹೆರರ ಕಣ್ಣಿಗೆ ತೋರಿಸೋದಾ? ಅದೂ ಹೆಂಗಸರು? ಅಕ್ಕಮ್ಮಾ, ನಿನಗೆ ತಲೆ ನೆಟ್ಟಗಿದೆಯಾ?"

"ಎನ್ನ ಗಂಡನದನ್ನ ಬೆರಳು ಮುರಿದು ಮೇಜಿನ ಮೇಲಿಟ್ಟು ನೋಡಿದ್ದಾರೆ. ಚಾಕು ಹಾಕಿ ಕೆರೆದಿದ್ದಾರೆ. ಎನ್ನದನ್ನ ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಾ ಯಾವ ಮರ್ಯಾದೆ ಉಳಿಸಲಿ? ನೀವು ಬನ್ನಿ, ಬಿಡಿ. ನಾ ಒಬ್ಬಳೇ ಕೂರ್ತೆ."

"ನಾನೂ ಬರ್ತೆ," ಎಂದೆ. ಯಾಕೆ ಹೇಳಿದೆನೋ, ಕೋಪಕ್ಕೆ ಬಾಯಿಂದ ಬಂದುಬಿಟ್ಟಿತು. ನನ್ನ ಲಿಂಗವನ್ನು ಹೆತ್ತ ತಾಯಿಯ ಎದುರಲ್ಲೂ ನಾನು ಎತ್ತಿ ಹಿಡಿದು ತೋರಿಸಿದವಳಲ್ಲ. ಗೌಡರು ಎದ್ದರು, ಕೂತರು, ಮತ್ತೆ ಎದ್ದರು. ಕೊನೆಗೆ, "ಇಬ್ಬರು ಹೆಂಗಸರು ಕೂತು ಗಂಡಸರು ಮನೆಯಲ್ಲಿದ್ದರೆ ನಾಳೆ ಯಾರಿಗೆ ಮುಖ ತೋರಿಸಲಿ" ಎಂದು ಗೊಣಗಿಕೊಂಡು, ಮನೆಮನೆಗೆ ಹೇಳಿ ಕಳಿಸಿದರು.

ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಗಾಳಿಹಟ್ಟಿಯಲ್ಲಿ ನಡೆಯಲು ಬರುವವರೆಲ್ಲಾ ಹಳ್ಳಕ್ಕೆ ಇಳಿದರು, ನಡೆಯಲಾರದ ಮುದುಕಿಯರನ್ನು ಹೊತ್ತು ತಂದರು. ತಣ್ಣೀರಲ್ಲಿ ಮಿಂದು, ವಿಭೂತಿ ಬಳಿದುಕೊಂಡು, ಬಂಡೆಯ ಮೇಲೆ, ಕಂಬದ ಬುಡದಲ್ಲಿ, ಇಳಿಜಾರಿನಲ್ಲಿ, ಸಿಕ್ಕ ಸಿಕ್ಕಲ್ಲಿ ಕೂತೆವು. ಎಲ್ಲರ ಎಡಗೈಯೂ ಮೇಲೆ ಬಂತು. ನನಗೆ ನಾಚಿಕೆಯಿಂದ ಅಳು ಬಂತು, ಆದರೆ ಕೈ ಇಳಿಸಲಿಲ್ಲ. ಅಕ್ಕಮ್ಮಕ್ಕ ಎಲ್ಲರಿಗಿಂತ ಮುಂದೆ, ಎದುರುಗುಡ್ಡದ ಬಂಗಲೆಗೆ ಮುಖ ಮಾಡಿ ಕೂತಿದ್ದಳು. ಜಯರಾಮನ್ ನಮ್ಮನ್ನು ಒಮ್ಮೆ ನೋಡಿ, ಟೋಪಿ ತೆಗೆದು, ಸೇತುವೆಯ ಕಂಬದ ಕಡೆ ತಿರುಗಿ ನಿಂತುಬಿಟ್ಟ.

ದೊರೆ ಆವತ್ತೂ ದುರ್ಬೀನು ಹಿಡಿದಿದ್ದ. ಹಳ್ಳದ ತುಂಬಾ ಕ್ಯಾಮರಾ ಕಂಡು ಅವನಿಗೆ ಹೇಗಾಯಿತೋ, ಜರ್ಮನಿಯ ದಂಡೇ ಬಂದಂತೆ ಊಟಿಗೆ ಆಳು ಓಡಿಸಿದ. ಇನ್ಸ್‌ಪೆಕ್ಟರು ಪೊಲೀಸರನ್ನು ಕಟ್ಟಿಕೊಂಡು ಬರುವತನಕ ನಾವು ಎದ್ದಿರಲಿಲ್ಲ. ಬಂದವರು ನಮ್ಮ ನಡುವೆ ದಾರಿ ಹುಡುಕಿಕೊಂಡು ಗೌಡರ ಹತ್ತಿರ ನಿಂತರು.

"ಇವರೆಲ್ಲರ ಹತ್ತಿರವೂ ಇದೆಯೇ?"

"ಇದೆ," ಎಂದರು ಗೌಡರು, ಲಿಂಗದ ಮೇಲಿನ ಕಣ್ಣು ತೆಗೆಯದೆ.

"ಮಕ್ಕಳ ಹತ್ತಿರ?"

"ಹೊಟ್ಟೆಯಲ್ಲಿರುವಾಗಲೇ ತಾಯಿಯ ಮೈಮೇಲೆ ಮಗುವಿನ ಲಿಂಗ ಕಟ್ಟಿರ್ತದೆ."

ಇನ್ಸ್‌ಪೆಕ್ಟರು ಅಲ್ಲಿ ಕೂತಿದ್ದ ತುಂಬು ಗರ್ಭಿಣಿಯೊಬ್ಬಳನ್ನು ನೋಡಿದರು, ಬೇಗ ಕಣ್ಣು ತೆಗೆದರು. ಪೂಜೆಯಲ್ಲಿದ್ದ ಹೆಂಗಸನ್ನು ನೋಡುತ್ತಿದ್ದೇನೆ ಎಂಬುದು ಆಗ ಅವರಿಗೆ ಹೊಳೆದಿರಬೇಕು. ಮುಖ ಕೆಂಪಾಯಿತು. ಠಾಣೆಯಲ್ಲಿದ್ದದ್ದು ಎರಡು ಲಾಕಪ್ಪು, ಅದರಲ್ಲೊಂದು ಸೋರುತ್ತಿತ್ತು. ಇಡೀ ಹಟ್ಟಿಯನ್ನು ಹಿಡಿದರೆ ಎಮ್ಮೆಗಳ ಹಾಲು ಕರೆಯುವವರು ಯಾರು ಎಂಬ ಪ್ರಶ್ನೆಯನ್ನೂ ಗೌಡರು ಎತ್ತಿದರು. ಅಕ್ಕಮ್ಮಕ್ಕ ಎದ್ದು, ಇನ್ಸ್‌ಪೆಕ್ಟರ ಎದುರು ಅಂಗೈ ಚಾಚಿ ನಿಂತಳು.

"ಇದನ್ನೂ ಮದರಾಸಿಗೆ ಕಳಿಸಿ. ಇಲ್ಲೆ ಎಂದರೆ ಅದನ್ನು ಕೊಡಿ."

ಭಾವನ ಲಿಂಗ ಇನ್ನೂ ಮದರಾಸಿಗೆ ಹೊರಟಿರಲಿಲ್ಲ. ಪೊಲೀಸರು ತಪ್ಪು ಮಾಡಿದ್ದೇವೆ ಎನ್ನುತ್ತಾರೆಯೇ? ವಸ್ತುವನ್ನು ಪರೀಕ್ಷಿಸಲಾಗಿದೆ, ಯುದ್ಧಕ್ಕೆ ಉಪಯೋಗವಿಲ್ಲ, ಎಂದು ಬರೆದರು. ಇನ್ನು ಮುಂದೆ ಸೇತುವೆಯ ಬಳಿ ಪೂಜೆಗೆ ಕೂರುವವರು ಸೇತುವೆಗೆ ಬೆನ್ನು ಮಾಡಿ ಕೂರತಕ್ಕದ್ದು ಎಂದು ಒಂದು ಷರತ್ತನ್ನೂ ಸೇರಿಸಿ, ಭಾವನ ಬಾತುಕೊಂಡ ಹೆಬ್ಬೆರಳನ್ನೇ ಒತ್ತಿಸಿಕೊಂಡರು.

ಲಿಂಗವನ್ನು ಅರಗು ಹಾಕಿದ ಲಕೋಟೆಯಲ್ಲಿ ಕೊಟ್ಟರು. ಅಕ್ಕಮ್ಮಕ್ಕ, ನಾನು, ನನ್ನ ಗಂಡ ಠಾಣೆಯ ಬಾಗಿಲಲ್ಲಿದ್ದೆವು. ಭಾವನ ತುಟಿ ಸೀಳಿತ್ತು, ಕಣ್ಣು ಗುಳಿ ಬಿದ್ದಿತ್ತು. ಗೋಡೆಗೆ ತಿರುಗಿ ಲಕೋಟೆ ಹರಿದರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ನೋಡಿದರು.

"ಸರಿ ಇದೆಯಾ?" ಎಂದು ಕೇಳಿದಳು ಅಕ್ಕಮ್ಮಕ್ಕ. ಅವಳ ದನಿ ಆಗ ಮಾತ್ರ ಒಡೆಯಿತು.

"ಇದೆ," ಎಂದರು ಭಾವ. ಕರಡಿಗೆಯಲ್ಲಿಟ್ಟು ಕತ್ತಿಗೆ ಕಟ್ಟಿಕೊಂಡು ನೀರು ಕೇಳಿದರು. ಚೊಂಬು ಹಿಡಿಯಲು ಕೈ ಬರಲಿಲ್ಲ, ಅಕ್ಕಮ್ಮಕ್ಕ ಕುಡಿಸಿದಳು. ನಾವೆಲ್ಲಾ ಅತ್ತೆವು. ಜಯರಾಮನ್ ಮೂಗು ಒರೆಸಿಕೊಂಡ, ಅವನದು ಅಳುವೋ ಶೀತವೋ ಹೇಳಲಾರೆ.

ಅಲ್ಲಿಂದ ಮುಂದೆ ಭಾವ ಷರತ್ತಿನ ಪ್ರಕಾರವೇ ಕೂತರು. ಸೇತುವೆಗೆ ಬೆನ್ನು, ನಮಗೂ ಬೆನ್ನು, ಬಂಡೆಗೆ ಮುಖ. ಯುದ್ಧ ಮುಗಿಯಿತು. "ಅಣ್ಣೇ, ಇನ್ನು ಈ ಕಡೆ ತಿರುಗಬಹುದು, ಕೇಳುವವರಿಲ್ಲ" ಎಂದು ಹೇಳಿ ಜಯರಾಮನ್ ಬೇರೆ ಊರಿಗೆ ಹೋದ. ಭಾವ ತಿರುಗಲಿಲ್ಲ. ಮಳೆ ಬಂದು ಮನೆಯಲ್ಲೇ ಪೂಜೆ ಮಾಡಿದರೂ ಮೂಲೆಗೆ ಮುಖ ಮಾಡಿ ಕೂರುತ್ತಿದ್ದರು. ಸರ್ಕಾರಕ್ಕೆ ಇವರಷ್ಟು ಹೆದರುವ ಪ್ರಜೆ ಬೆಟ್ಟದಲ್ಲೇ ಇಲ್ಲ ಎಂದು ಊರವರು ಚುಡಾಯಿಸಿದರು, ನಾನೂ ಚುಡಾಯಿಸಿದೆ. ಕಿತ್ತುಹೋದ ಕಾಂತಿಯನ್ನು ಅಯ್ಯನವರಿಂದ ಹಚ್ಚಿಸಿಕೊಳ್ಳಿ ಎಂದರೆ, "ನಾನೇ ಹಚ್ಚಿಕೊಂಡೆ" ಎಂದರು. ಇಂಥದ್ದರಲ್ಲೂ ಹಟವೇ ಎಂದುಕೊಂಡೆವು. ಪೈಕಾರದಲ್ಲಿ ಕರೆಂಟಿನ ಕೆಲಸ ಶುರುವಾದಾಗ ಊರವರೆಲ್ಲಾ ನೋಡಲು ಹೋದರು, ಭಾವ ಹೋಗಲಿಲ್ಲ. "ಅಲ್ಲಿಯೂ ಹಲಗೆ ಇರ್ತದೆ" ಎಂದರು. ಹೋಗಿ ಬಂದವರನ್ನು ಕೇಳಿದರೆ, ಇತ್ತಂತೆ.

ಹೋದ ಮಾಗಿಯಲ್ಲಿ ಅವರ ಎದೆಗೆ ಶೀತ ಕಟ್ಟಿತು. ಮಲಗಿದವರು ಏಳಲಿಲ್ಲ. ಕೊನೆಯ ದಿನವೂ ಗೋಡೆಗೆ ತಿರುಗಿಸಿ ಕೂರಿಸಿ ಎಂದರು, ಕೂರಿಸಿದೆವು, ಪೂಜೆ ಮಾಡಿಕೊಂಡರು.

ಗುಳಿ ತೋಡಿ, ಭಾವನನ್ನು ಅದರೊಳಗೆ ಕೂರಿಸಿದೆವು. ಮಠದಿಂದ ಬಂದ ಅಯ್ಯನವರು ಚಿಕ್ಕ ವಯಸ್ಸಿನವರು, ಕಟ್ಟಳೆಯಲ್ಲಿ ಬಹಳ ಕಟ್ಟುನಿಟ್ಟು. ಎಡಗೈಯಲ್ಲಿ ಇಡಲೆಂದು ಕರಡಿಗೆ ಬಿಚ್ಚಿ ಲಿಂಗ ತೆಗೆದರು. ಅದರ ಕಾಂತಿ ಎಲ್ಲರದಕ್ಕಿಂತ ದಪ್ಪವಾಗಿತ್ತು, ಪದರದ ಮೇಲೆ ಪದರ. ಅಯ್ಯನವರ ಬೆರಳು ತಾಗಿ ಒಂದು ಕಡೆ ಅದು ಬಿರಿಯಿತು. ನೋಡನೋಡುತ್ತಿದ್ದಂತೆ ಲಿಂಗ ಎರಡು ಹೋಳಾಗಿ ಅವರ ಅಂಗೈ ಮೇಲೆ ಬಿತ್ತು. ನಡುವೆ ಜೇನುಮೇಣ ಇತ್ತು. ಹೋಳಿನ ಮೇಲೆ ಚಾಕು ಹಾಕಿ ಮೀಟಿದ ಗುರುತು ಇತ್ತು. ಮದರಾಸಿನ ತನಕ ಕಾಯದೆ ಠಾಣೆಯವರೇ ಒಡೆದು ನೋಡಿದ್ದರು.

ಆವತ್ತು ಠಾಣೆಯ ಗೋಡೆಗೆ ತಿರುಗಿ ಭಾವ ನೋಡಿದ್ದು ಇದನ್ನೇ. ಬಾಯಿ ಬಿಟ್ಟಿದ್ದರೆ ನಾವೇ, ಅವರಿಗಾಗಿ ಹಳ್ಳದಲ್ಲಿ ಕೈ ಎತ್ತಿ ಕೂತ ನಾವೇ, ಅದನ್ನು ಕತ್ತಿನಿಂದ ಬಿಚ್ಚಿಸಿ ನೀರಿಗೆ ಹಾಕಿಸುತ್ತಿದ್ದೆವು. ಅದಕ್ಕೇ ಇಷ್ಟು ವರ್ಷ ಬೆನ್ನು ಮಾಡಿ ಕೂತರು. ಸರ್ಕಾರಕ್ಕೆ ಹೆದರಿ ಅಲ್ಲ.

"ಇದು ಒಡೆದ ಲಿಂಗ," ಎಂದರು ಅಯ್ಯನವರು. "ಇದನ್ನು ಇಡಲಾಗುವುದಿಲ್ಲ. ಬೇರೆ ಇಡಬೇಕು. ನನ್ನ ಹತ್ತಿರ ಇದೆ." ಜೋಳಿಗೆಗೆ ಕೈ ಹಾಕಿದರು.

ಅಕ್ಕಮ್ಮಕ್ಕ ಗುಳಿಗೆ ಇಳಿದಳು. ಆ ವಯಸ್ಸಿನಲ್ಲಿ ಹೇಗೆ ಇಳಿದಳೋ ಕಾಣೆ. ಅಯ್ಯನವರ ಅಂಗೈಯಿಂದ ಎರಡೂ ಹೋಳುಗಳನ್ನು ಎತ್ತಿಕೊಂಡು, ಒಂದಕ್ಕೊಂದು ಸೇರಿಸಿ ಭಾವನ ಎಡ ಅಂಗೈ ಮೇಲಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಸೊಟ್ಟಗಾಗಿದ್ದ ಹೆಬ್ಬೆರಳನ್ನು ಮೇಲೆ ಒತ್ತಿ ಹಿಡಿದಳು.

"ಅಯ್ಯಾ, ಇವರ ಈ ಬೆರಳು ಬಿಡಿಸಲು ಆವತ್ತು ನಾಲ್ಕು ಪೊಲೀಸು ಬೇಕಾಗಿತ್ತು," ಎಂದಳು. "ಇವತ್ತು ನೀವು ಒಬ್ಬರೇ ಸಾಕು. ಬಿಡಿಸಿ."

ಅಯ್ಯನವರು ಬಗ್ಗಿದರು. ಭಾವನ ಮುಷ್ಟಿಯನ್ನು ನೋಡಿದರು, ಆಮೇಲೆ ತಮ್ಮ ಅಂಗೈಗೆ ಮೆತ್ತಿದ್ದ ಕರಿಯನ್ನು ನೋಡಿಕೊಂಡರು. ಜೋಳಿಗೆಯ ಬಾಯಿ ಮುಚ್ಚಿದರು. ಕೊನೆಗೆ ಅಕ್ಕಮ್ಮಕ್ಕನ ಕೈ ಹಿಡಿದು ಮೇಲೆ ಹತ್ತಿಸಿ, "ಮಣ್ಣು ಹಾಕಿ" ಎಂದರು.

ಹಾಕಿದೆವು.